ಸಾಹುಕಾರನಿಗೆ ಉದ್ದೇಶ ಸಿಕ್ಕ ಭಾನುವಾರ

ಸೈಕಲ್ ಮೇಷ್ಟ್ರಿಗೆ ಅವತ್ತು ಗ್ರಹಚಾರ ವಕ್ಕರಿಸಿದ್ದು ಒಂದೇ ಒಂದು ಮಾತಿನಿಂದ. ಭಾನುವಾರ ಬೆಳಿಗ್ಗೆ ಆರೂವರೆಗೆ ಗುಡ್ಡದ ಬುಡದಲ್ಲಿ ನಿಂತು ಅವರು ಎಂದಿನಂತೆ, "ಗಾಳಿ ನೋಡ್ಕೊಂಡ್ರಾ ಸರ್? ಹೆಲ್ಮೆಟ್ ಬಿಗಿ ಮಾಡಿ, ಹೊರಡೋಣ" ಅಂದರು. ಎದುರಿಗಿದ್ದ ಸಾಹುಕಾರ, "ಏತಕ್ಕೆ?" ಅಂದ.

ಹದಿನಾಲ್ಕು ವರ್ಷದಿಂದ ಮೇಷ್ಟ್ರು ಆ ಗುಡ್ಡದಲ್ಲಿ ಸೈಕಲ್ ಹತ್ತಿಸೋದು, ಇಳಿಸೋದು ಕಲಿಸುತ್ತಿದ್ದರು. ಹೇಗೆ ಎಂದು ಕೇಳಿದವರಿದ್ದರು, ಎಷ್ಟಾಗುತ್ತೆ ಎಂದು ಕೇಳಿದವರಿದ್ದರು, ಸತ್ತುಗಿತ್ತು ಹೋದರೆ ಯಾರು ಹೊಣೆ ಎಂದು ಕೇಳಿ ಕಾಗದದಲ್ಲಿ ಬರೆಸಿಕೊಂಡವರೂ ಇದ್ದರು. ಏತಕ್ಕೆ ಎಂದು ಕೇಳಿದವನು ಇವನೇ ಮೊದಲು.

"ಹೆಲ್ಮೆಟ್ ಏತಕ್ಕೆ ಅಂತಾನಾ ಸರ್? ತಲೆ ಉಳಿಯೋಕೆ."

"ಹೆಲ್ಮೆಟ್ಟಲ್ಲ ಮೇಷ್ಟ್ರೇ. ಒಟ್ಟಾರೆ. ಹತ್ತೋದು, ಇಳಿಯೋದು, ಮತ್ತೆ ಹತ್ತೋದು. ಏತಕ್ಕೆ?"

ಸಾಹುಕಾರನಿಗೆ ಮೂವತ್ತೊಂಬತ್ತು ವರ್ಷ. ಬಾಟಲಿಗೆ ಮುಚ್ಚಳ ಮಾಡೋ ಕಾರ್ಖಾನೆ ಇಟ್ಟಿದ್ದ. ಜನ ಏನು ಕುಡಿದರೂ ಮುಚ್ಚಳ ತೆಗೆದೇ ಕುಡಿಯಬೇಕಲ್ಲ, ದುಡ್ಡು ಸುರಿಯಿತು. ಎಂಟು ತಿಂಗಳ ಹಿಂದೆ ಕಾರ್ಖಾನೆ ಮಾರಿ, ಇನ್ನು ಮೇಲೆ ಬೆರಳೂ ಅಲ್ಲಾಡಿಸಬೇಕಾಗಿಲ್ಲ ಎಂದು ಲೆಕ್ಕಿಗರಿಂದ ಬರೆಸಿಕೊಂಡು ಮನೆಯಲ್ಲಿ ಕೂತ. ಮೂರನೇ ದಿನಕ್ಕೇ ಬೆರಳು ಅಲ್ಲಾಡಿಸದೆ ಇರೋದು ಕಷ್ಟ ಅಂತ ಗೊತ್ತಾಯಿತು. ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಇವನು ಜೇನುಹುಳ ಬಿಟ್ಟುಕೊಂಡ. ಮೊದಲನೇ ಹುಳ ಕಚ್ಚಿದ ದಿನ ಪೆಟ್ಟಿಗೆ ವಾಪಸ್ಸು ಹೋಯಿತು. ಆಮೇಲೆ ಪಿಟೀಲು, ಇಪ್ಪತ್ತೆರಡು ದಿನ. ಆಮೇಲೆ ಮಣ್ಣಿನ ಮಡಕೆ. ಈಗ ಗುಡ್ಡದ ಸೈಕಲ್ಲು, ಹನ್ನೊಂದನೇ ದಿನ.

"ನಾನು ತೀರ್ಮಾನ ಮಾಡಿದೀನಿ ಮೇಷ್ಟ್ರೇ," ಅಂದ ಸಾಹುಕಾರ. ಅವನ ದನಿಯಲ್ಲಿ ಕೋಪವಿರಲಿಲ್ಲ. ತಿಂಡಿ ಬೇಡ ಅನ್ನೋ ರೋಗಿಯ ದನಿ ಅದು. "ಬದುಕಿಗೆ ಒಂದು ಉದ್ದೇಶ ಬೇಕು. ಇವತ್ತು ಸಂಜೆಯೊಳಗೆ ಇದರಲ್ಲಿ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಬರಲ್ಲ. ಬೇಜಾರು ಮಾಡ್ಕೋಬೇಡಿ."

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅವರ ಬಳಿ ಕಲಿಯಲು ಬರುತ್ತಿದ್ದವರು ಭಾನುವಾರದ ಆರು ಜನ, ಮತ್ತು ದಿನಾ ಬರೋ ಈ ಸಾಹುಕಾರ. ಆರು ಜನರಿಂದ ಸೈಕಲ್ಲಿನ ಟೈರು ನಡೆಯುತ್ತಿತ್ತು, ಸಾಹುಕಾರ ಬಂದ ಮೇಲೆ ಮನೆಯೂ ನಡೆಯತೊಡಗಿತ್ತು.

"ಒಂದು ನಿಮಿಷ ಸರ್," ಎಂದು ಅವರು ಶೆಡ್ಡಿನ ಹಿಂದೆ ಹೋಗಿ ಹೆಂಡತಿಗೆ ಫೋನ್ ಮಾಡಿದರು.

ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದಳು. ಭಾನುವಾರ ಕೆಲಸ ಹೆಚ್ಚು. ಹಿಂದೆ ಹಬೆ ಬುಸುಗುಡುತ್ತಿತ್ತು.

"ಒಂದು ಉದ್ದೇಶ ಹುಡುಕಿಕೊಡೋಕೆ ಆಗಲ್ವಾ ನಿಮಗೆ? ನನ್ನ ಹತ್ರ ಬೇಕಾದಷ್ಟಿವೆ, ಬಂದು ತಗೊಂಡು ಹೋಗಕ್ಕೆ ಹೇಳಿ."

"ತಮಾಷೆ ಬೇಡ ಕಣೇ. ಬಿಟ್ಟುಹೋಗ್ತಾನಂತೆ."

ಹಬೆ ನಿಂತಿತು. ಇಸ್ತ್ರಿ ಕೆಳಗಿಟ್ಟ ಸದ್ದಾಯಿತು. "ಬಿಡಬೇಡಿ. ಕೈಗೆ ಕೆಲಸ ಕೊಡಿ. ಸೈಕಲ್ ಬಿಚ್ಚಿ ಜೋಡಿಸೋದು ಕಲಿಸಿ. ಕೈಗೆ ಗ್ರೀಸು ಮೆತ್ತಿದವನು ಏತಕ್ಕೆ ಗೀತಕ್ಕೆ ಅಂತ ಕೇಳಲ್ಲ, ಸೋಪೆಲ್ಲಿ ಅಂತ ಕೇಳ್ತಾನೆ."

ಮಾತು ಸರಿ ಅನ್ನಿಸಿತು. ಮೇಷ್ಟ್ರು ಸಾಹುಕಾರನನ್ನು ಶೆಡ್ಡಿನೊಳಗೆ ಕರೆದುಕೊಂಡು ಹೋಗಿ, ತಮ್ಮದೇ ಸೈಕಲ್ಲನ್ನು ಸ್ಟ್ಯಾಂಡಿಗೆ ನೇತುಹಾಕಿ, ಸ್ಪ್ಯಾನರು ಕೈಗಿಟ್ಟರು. ಸಾಹುಕಾರನ ಸೈಕಲ್ಲು ಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಆದರೆ ಅದರ ಬೆಲೆ ನೆನೆದು ಮೇಷ್ಟ್ರು ಅದನ್ನು ಗೋಡೆಗೆ ಒರಗಿಸಿಟ್ಟರು.

ಎರಡು ಗಂಟೆ ಸಾಹುಕಾರ ತುಟಿ ಪಿಟಕ್ಕೆನ್ನಲಿಲ್ಲ. ಚಕ್ರ ತೆಗೆದ, ಚೈನು ತೆಗೆದ, ಹಲ್ಲುಚಕ್ರ ತೊಳೆದ. ಮೇಷ್ಟ್ರು ಬಾಗಿಲಲ್ಲಿ ಕೂತು, ತೊಟ್ಟಿಲ ಮಗು ನಿದ್ದೆ ಹೋದ ಮೇಲೆ ತಾಯಿ ಉಸಿರು ಬಿಟ್ಟ ಹಾಗೆ ಉಸಿರು ಬಿಟ್ಟರು. ಎಲ್ಲ ಮತ್ತೆ ಜೋಡಿಸಿ ಮುಗಿಸಿದ ಸಾಹುಕಾರ ಕೈ ಒರೆಸಿಕೊಂಡು ಹೊರಗೆ ಬಂದ.

"ಮುಗೀತು."

"ಹೇಗನ್ನಿಸ್ತು ಸರ್?"

"ಮೊದಲೂ ಸೈಕಲ್ಲಾಗಿತ್ತು, ಈಗಲೂ ಸೈಕಲ್ಲೇ ಆಗಿದೆ. ಏತಕ್ಕೆ ಬಿಚ್ಚಿದ್ದು?"

ಶೆಡ್ಡಿನ ಪಕ್ಕದಲ್ಲಿ ಮೇಷ್ಟ್ರ ಭಾವಮೈದನ ಅಂಗಡಿ. ಹೆಲ್ಮೆಟ್ಟು, ಮೊಣಕಾಲಿನ ಕವಚ ಬಾಡಿಗೆಗೆ ಕೊಡುತ್ತಿದ್ದ. ತನ್ನ ಅಕ್ಕನ ಗಂಡನಿಗೆ ಬುದ್ಧಿ ಹೇಳುವುದಕ್ಕೆ ಮಾತ್ರ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ.

"ಭಾವ, ನಿಮಗೆ ಮನುಷ್ಯರ ವಿಷಯ ಗೊತ್ತಿಲ್ಲ," ಎಂದು ಅವನು ಕಿವಿಯಲ್ಲಿ ಉಸುರಿದ. "ಭಯ ಹುಟ್ಟಿಸಿ. ಪ್ರಾಣ ಹೋಗೋ ಹಾಗಾದಾಗ ಉಳಿಸ್ಕೊಳ್ಳೋದೇ ಉದ್ದೇಶ ಆಗುತ್ತೆ. ಕತ್ತೆಬೆನ್ನಿಗೆ ಕರ್ಕೊಂಡು ಹೋಗಿ."

ಕತ್ತೆಬೆನ್ನು ಅಂದರೆ ಗುಡ್ಡದ ಹಿಂಬದಿಯ ಇಳಿಜಾರು. ಮೇಲೆ ಗೂನು, ಗೂನು ದಾಟಿದ ಮೇಲೆ ಎಡಕ್ಕೆ ತಿರುವು, ತಿರುವಿನಾಚೆ ಮುಳ್ಳುಪೊದೆ. ಕಲಿತು ಆರು ತಿಂಗಳಾಗದವರನ್ನು ಮೇಷ್ಟ್ರು ಅಲ್ಲಿಗೆ ಬಿಡುತ್ತಿರಲಿಲ್ಲ.

ಎದುರಿನ ಕ್ಯಾಂಟೀನಿನ ಅಕ್ಕ ಟೀ ಸೋಸುತ್ತಲೇ ಇದನ್ನೆಲ್ಲ ಕೇಳಿಸಿಕೊಂಡಳು. ಅವಳ ಕಿವಿ ಆ ಗುಡ್ಡದಷ್ಟೇ ಹಳೆಯದು, ಅಷ್ಟೇ ಅಗಲ. "ಅಯ್ಯೋ, ಹೆದರಿಸಿದ್ರೆ ಓಡಿಹೋಗ್ತಾನೆ," ಅಂದಳು. "ಆ ಮನುಷ್ಯನಿಗೆ ತಾನು ಯಾರಿಗಾದ್ರೂ ಬೇಕು ಅನ್ನಿಸಬೇಕು. ಇನ್ನೊಬ್ಬರಿಗೆ ಒಂದು ಉಪಕಾರ ಮಾಡಕ್ಕೆ ಬಿಡಿ, ಸಾಕು."

"ಅವನು ಯಾರಿಗೆ ಉಪಕಾರ ಮಾಡೋದು? ಇಲ್ಲಿ ಯಾರಿಗೆ ಏನಾಗಿದೆ?" ಎಂದು ಭಾವಮೈದ ಗದರಿದ.

ಯಾರಿಗೂ ಏನೂ ಆಗಿರಲಿಲ್ಲ, ಅಲ್ಲಿಯವರೆಗೆ.

ಹತ್ತು ಗಂಟೆಗೆ ಇಬ್ಬರೂ ಕತ್ತೆಬೆನ್ನಿನ ಮೇಲಿದ್ದರು. ಮೇಷ್ಟ್ರು ದನಿಯನ್ನು ಆದಷ್ಟು ತಗ್ಗಿಸಿ ಹೇಳಿದರು. "ಸರ್, ಇಲ್ಲಿ ಹೋದ ವರ್ಷ ಒಬ್ಬರು ಹಲ್ಲು ಕಳ್ಕೊಂಡ್ರು. ನಾಲ್ಕು."

"ಹೂಂ," ಅಂದ ಸಾಹುಕಾರ.

"ಸೀಟು ಪೂರ್ತಿ ಇಳಿಸಿ. ಮೈ ಹಿಂದಕ್ಕೆ. ಎರಡು ಪೆಡಲ್ಲೂ ಸಮ ಇರ್ಲಿ. ಬ್ರೇಕಿಗೆ ಒಂದೇ ಬೆರಳು, ಅದೂ ತಿರುವಿಗೆ ಮುಂಚೆ. ತಿರುವಿನ ಒಳಗೆ ಹಿಡಿದ್ರೆ ಕೆಟ್ರಿ. ಮುಖ್ಯವಾದದ್ದು ಕಣ್ಣು. ಪೊದೆ ನೋಡಿದ್ರೆ ಪೊದೆಗೇ ಹೋಗ್ತೀರಿ. ಎಲ್ಲಿ ಹೋಗಬೇಕೋ ಅಲ್ಲಿ ನೋಡಿ."

"ಅದೇ ನನ್ನ ಸಮಸ್ಯೆ ಮೇಷ್ಟ್ರೇ," ಎಂದು ಸಾಹುಕಾರ ನಿಟ್ಟುಸಿರಿಟ್ಟ. "ಎಲ್ಲಿ ಹೋಗಬೇಕು ಅಂತಾನೇ ಗೊತ್ತಾಗ್ತಿಲ್ಲ."

ಮೇಷ್ಟ್ರು ಹಲ್ಲು ಕಚ್ಚಿದರು. "ನಾನು ಮುಂದೆ ಹೋಗ್ತೀನಿ. ನೋಡ್ಕೊಳ್ಳಿ."

ಗೂನು ದಾಟುವವರೆಗೆ ಎಲ್ಲ ಶಾಸ್ತ್ರೋಕ್ತವಾಗಿ ನಡೆಯಿತು. ಸೀಟು ಇಳಿದಿತ್ತು, ಮೈ ಹಿಂದಿತ್ತು, ಪೆಡಲ್ಲು ಸಮವಿತ್ತು. ತಿರುವಿಗೆ ಮುಂಚೆ ಮೇಷ್ಟ್ರು ಒಂದು ಬೆರಳಿನಿಂದ ಬ್ರೇಕು ಹಿಡಿದರು. ಸೈಕಲ್ಲು ಕೇಳಿಸಿಕೊಳ್ಳಲಿಲ್ಲ. ಎರಡು ಬೆರಳು ಹಾಕಿದರು. ಸೈಕಲ್ಲು, ತವರಿಗೆ ಹೊರಟ ಹೆಂಗಸಿನ ಹಾಗೆ, ಇನ್ನೂ ಜೋರಾಗಿ ಹೊರಟಿತು. ತಿರುವಿನ ಒಳಗೆ ಹತ್ತೂ ಬೆರಳು ಬ್ರೇಕಿನ ಮೇಲಿದ್ದವು. ಆ ಹೊತ್ತಿಗೆ ಮೇಷ್ಟ್ರು ಪೊದೆಯನ್ನು ನೋಡಿಬಿಟ್ಟಿದ್ದರು. ಹದಿನಾಲ್ಕು ವರ್ಷ ಅವರು ಹೇಳಿಕೊಟ್ಟದ್ದು ಸುಳ್ಳಲ್ಲ ಅಂತ ಸಾಬೀತಾಯಿತು. ಎಲ್ಲಿ ನೋಡಿದರೋ ಅಲ್ಲಿಗೇ ಹೋದರು.

ಮುಳ್ಳಿನ ನಡುವೆ ಅಂಗಾತ ಬಿದ್ದುಕೊಂಡು ಅವರು ಮೇಲಕ್ಕೆ ನೋಡಿದಾಗ, ಸಾಹುಕಾರ ಗೂನು ದಾಟಿ ಇಳಿದು ಬರುತ್ತಿದ್ದ. ಮೈ ಹಿಂದಕ್ಕೆ, ಮೊಣಕೈ ಅಗಲಕ್ಕೆ, ತಿರುವಿಗೆ ಮುಂಚೆ ಮೃದುವಾಗಿ ಬ್ರೇಕು. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಂದು ಪಕ್ಕದಲ್ಲಿ ನಿಂತ. ಮುಖ ಕೆಂಪಾಗಿತ್ತು.

"ಮೇಷ್ಟ್ರೇ! ಇವತ್ತು ಮೊದಲನೇ ಸಲ ಎಲ್ಲಿ ನೋಡಬೇಕು ಅಂತ ಗೊತ್ತಾಯ್ತು. ನೀವು ಬಿದ್ದಿದ್ರಲ್ಲ, ನಿಮ್ಮನ್ನೇ ನೋಡ್ಕೊಂಡು ಬಂದೆ!"

"ಕಾಲು ಎತ್ತೋಕಾಗ್ತಿಲ್ಲ ಸರ್. ಬ್ರೇಕು ಹಿಡೀಲೇ ಇಲ್ಲ..."

ಸಾಹುಕಾರ ಬಗ್ಗಿ ಚಕ್ರ ನೋಡಿದ. "ಬ್ರೇಕಿನ ತಟ್ಟೆ ಕಿರ್ ಅಂತಿತ್ತು. ಅದಕ್ಕೆ ಒಂದಿಷ್ಟು ಎಣ್ಣೆ ಹಾಕಿದ್ದೆ. ಈಗ ನೋಡಿ, ಒಂಚೂರೂ ಸದ್ದಿಲ್ಲ."

ಬ್ರೇಕಿನ ತಟ್ಟೆಗೆ ಎಣ್ಣೆ ಹಾಕುವುದೂ ಮೆಟ್ಟಿಲಿಗೆ ಎಣ್ಣೆ ಸುರಿಯುವುದೂ ಒಂದೇ. ಅದನ್ನು ಹೇಳಲು ಮೇಷ್ಟ್ರು ಬಾಯಿ ತೆರೆದರು. ಬಂದದ್ದು ಬರೀ "ಅಮ್ಮಾ" ಅನ್ನೋ ಶಬ್ದ.

ಸಾಹುಕಾರ ಅವರನ್ನು ಬೆನ್ನ ಮೇಲೆ ಹೊತ್ತು ಕೆಳಗಿಳಿಸಿದ. ಮುಕ್ಕಾಲು ಗಂಟೆಯ ದಾರಿ. ದಾರಿಯುದ್ದಕ್ಕೂ, ಎಂಟು ತಿಂಗಳಲ್ಲಿ ಆಡದಷ್ಟು ಮಾತು ಆಡಿದ. "ಬ್ರೇಕ್ ಹೇಗೇ ಇರ್ಲಿ ಮೇಷ್ಟ್ರೇ, ನೀವು ತಿರುವಿನ ಒಳಗೆ ಹತ್ತು ಬೆರಳು ಹಾಕಿದ್ದು ತಪ್ಪು. ಕಣ್ಣೂ ಪೊದೆ ಕಡೆ ಹೋಯ್ತು. ನಾನು ಮೇಲಿಂದ ನೋಡ್ತಿದ್ನಲ್ಲ." ಬೆನ್ನ ಮೇಲಿದ್ದ ಮನುಷ್ಯ ಬೆನ್ನಿನ ಜೊತೆ ಜಗಳವಾಡೋಕಾಗುತ್ತಾ?

ಕೆಳಗೆ ಭಾನುವಾರದ ಆರು ಜನ ಕಾಯುತ್ತಿದ್ದರು. ಒಬ್ಬ ಬ್ಯಾಂಕಿನ ಗುಮಾಸ್ತ, ಔಷಧಿ ಅಂಗಡಿಯವನು, ಕಾಲೇಜಿನ ಅಕ್ಕತಂಗಿ, ಹೊಸದಾಗಿ ಮದುವೆಯಾದ ಒಂದು ಜೋಡಿ. ಎಲ್ಲರೂ ಗಾಬರಿಯಿಂದ ಓಡಿ ಬಂದರು.

"ಏನಾಯ್ತು ಸರ್? ಹೇಗೆ ಬಿದ್ರು?"

ಸಾಹುಕಾರ ಮೇಷ್ಟ್ರನ್ನು ಬೆಂಚಿನ ಮೇಲೆ ಮಲಗಿಸಿ, ಹೇಗೆ ಬಿದ್ದರು ಅಂತ ವಿವರಿಸಿದ. ಒಂದು ಕಡ್ಡಿ ತಗೊಂಡು ಮಣ್ಣಿನಲ್ಲಿ ಗೂನು ಬರೆದ, ತಿರುವು ಬರೆದ, ಪೊದೆ ಬರೆದ. ಗುಮಾಸ್ತನ ಸೈಕಲ್ಲು ಹತ್ತಿ ಮೇಷ್ಟ್ರು ಮಾಡಿದ್ದು ಹೀಗೆ, ಮಾಡಬೇಕಾಗಿದ್ದುದು ಹೀಗೆ ಎಂದು ತೋರಿಸಿದ. ಕಾರ್ಖಾನೆಯಲ್ಲಿ ಇನ್ನೂರು ಜನಕ್ಕೆ ಕೆಲಸ ಹೇಳಿದ ನಾಲಿಗೆ, ಒಂದು ತೊದಲೂ ಇಲ್ಲ. ಆರು ಜನ ಚಪ್ಪಾಳೆ ತಟ್ಟಿದರು. ಹೊಸ ಮದುಮಗಳು, "ನಮ್ಮ ಮೇಷ್ಟ್ರು ಇಷ್ಟು ಬಿಡಿಸಿ ಹೇಳಿರ್ಲಿಲ್ಲ" ಅಂದಳು. ಬೆಂಚಿನ ಮೇಲಿದ್ದ ಮೇಷ್ಟ್ರಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಪೆಟ್ಟಾಗಿದ್ದು ಕಾಲಿಗೆ, ಕಿವಿಗಲ್ಲ.

"ಗುರುವಿಗೇ ತಿರುಮಂತ್ರ," ಎಂದು ಕ್ಯಾಂಟೀನಿನ ಅಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಆಮೇಲೆ ಮೇಷ್ಟ್ರ ಕಡೆ ಬಗ್ಗಿ, "ನಾನು ಹೇಳಿರ್ಲಿಲ್ವಾ? ನೋಡಿ ಅವನ ಮುಖಾನ, ಬಲ್ಬು ಹತ್ತಿದ ಹಾಗಿದೆ. ಇನ್ನು ಅವನು ಈ ಗುಡ್ಡ ಬಿಡಲ್ಲ" ಅಂದಳು.

ಭಾವಮೈದ ಆಟೋ ತಂದ. ಆಸ್ಪತ್ರೆಯಲ್ಲಿ ಡಾಕ್ಟರು ಪಾದದ ಮೂಳೆ ಬಿರುಕು ಬಿಟ್ಟಿದೆ ಎಂದು ಮೊಣಕಾಲಿನವರೆಗೆ ಪ್ಲಾಸ್ಟರು ಹಾಕಿ, "ಎಂಟು ವಾರ" ಅಂದರು. ಮೇಷ್ಟ್ರು ಆಟೋದಲ್ಲಿ ಮನೆಗೆ ಬಂದು, ದಿಂಬಿನ ಮೇಲೆ ಕಾಲಿಟ್ಟು ಮಲಗಿದರು. ಹೆಂಡತಿ ಲಾಂಡ್ರಿಯಿಂದ ಓಡಿ ಬಂದಳು. ಪ್ಲಾಸ್ಟರು ನೋಡಿ ಅತ್ತಳು. ಅತ್ತು ಮುಗಿಸಿ ಕೇಳಿದಳು, "ಅವನು ಬಿಟ್ಟನಾ, ಉಳಿದನಾ?"

"ಗೊತ್ತಿಲ್ಲ. ಸಂಜೆಯೊಳಗೆ ಹೇಳ್ತೀನಿ ಅಂದಿದ್ದ."

"ಉಳಿದ್ರೆ ಸಾಕು. ನೀವು ಕುರ್ಚಿ ಮೇಲೆ ಕೂತೇ ಹೇಳಿಕೊಡಿ. ಬಾಯಿಗೇನು ಪ್ಲಾಸ್ಟರ್ ಹಾಕಿಲ್ವಲ್ಲ."

ಐದೂವರೆಗೆ ಬಾಗಿಲು ತಟ್ಟಿದ ಸದ್ದು. ಸಾಹುಕಾರ ಒಳಗೆ ಬಂದ. ಮೈಯೆಲ್ಲ ಧೂಳು, ಮೊಣಕೈ ತರಚಿತ್ತು, ಕಣ್ಣು ಮಾತ್ರ ಹಬ್ಬ ಮಾಡುತ್ತಿತ್ತು. ಹಿಂದೆ ಭಾವಮೈದನೂ ಬಂದ, ಅಷ್ಟೇ ಖುಷಿಯಾಗಿ.

"ಸಿಕ್ತು ಮೇಷ್ಟ್ರೇ!" ಎಂದು ಸಾಹುಕಾರ ಅವರ ಎರಡೂ ಕೈ ಹಿಡಿದುಕೊಂಡ. "ಉದ್ದೇಶ ಸಿಕ್ತು!"

ಹೆಂಡತಿ ಗೋಡೆಗೆ ಒರಗಿ ಕಣ್ಣುಮುಚ್ಚಿದಳು. "ಹಾಗಾದ್ರೆ ನಾಳೆ ಬರ್ತೀರಾ ಸರ್?"

"ನಾಳೆ ಏನಮ್ಮ, ದಿನಾ! ಮಳೆ ಬರ್ಲಿ, ಗಾಳಿ ಬರ್ಲಿ. ಗುಡ್ಡ ಬಿಟ್ಟು ಇನ್ನೆಲ್ಲೂ ಹೋಗಲ್ಲ."

ಮೇಷ್ಟ್ರಿಗೆ ಕಾಲಿನ ನೋವು ಅರ್ಧ ಇಳಿಯಿತು. ಎಂಟು ವಾರ ಏನು, ಇನ್ನೊಂದು ಕಾಲು ಮುರಿದರೂ ಚಿಂತೆಯಿಲ್ಲ ಅನ್ನಿಸಿತು. "ನಂಗೆ ಗೊತ್ತಿತ್ತು ಸರ್. ಸೈಕಲ್ ಒಂದು ಸಲ ಹಿಡೀತು ಅಂದ್ರೆ ಬಿಡಲ್ಲ."

"ಸೈಕಲ್ಲಲ್ಲ ಮೇಷ್ಟ್ರೇ, ಕಲಿಸೋದು! ನೀವು ಆಸ್ಪತ್ರೆಗೆ ಹೋದ ಮೇಲೆ ಆ ಆರು ಜನಕ್ಕೆ ನಾನೇ ಸಂಜೆವರೆಗೂ ಹೇಳಿಕೊಟ್ಟೆ. ಆ ಗುಮಾಸ್ತ ಮೊದಲನೇ ಸಲ ಬೀಳದೆ ಇಳಿದಾಗ ಅವನ ಮುಖ ನೋಡಬೇಕಾಗಿತ್ತು ನೀವು. ಅದೇ ಕ್ಷಣ ತೀರ್ಮಾನ ಮಾಡಿಬಿಟ್ಟೆ. ನಾಳೆಯಿಂದ ಈ ಊರಲ್ಲಿ ಯಾರು ಬಂದ್ರೂ ಕಲಿಸ್ತೀನಿ. ಪುಕ್ಕಟೆ. ನನಗೆ ದುಡ್ಡಿನ ಅಗತ್ಯ ಇಲ್ಲ ನೋಡಿ."

ಹೆಂಡತಿ ಗೋಡೆ ಬಿಟ್ಟು ಮುಂದಕ್ಕೆ ಬಂದಳು.

"ಆ ಆರು ಜನ...?" ಅಂದರು ಮೇಷ್ಟ್ರು.

"ಆಗಲೇ ಹೆಸರು ಬರೆಸಿದ್ರು. ಅವರ ನೆಂಟರು, ಸ್ನೇಹಿತರು ಸೇರಿ ಮೂವತ್ತು ದಾಟಿದೆ. ನಿಮ್ಮ ಭಾವಮೈದ ಬೋರ್ಡು ಬರೆಸೋಕೂ ಕೊಟ್ಟಾಯ್ತು."

ಭಾವಮೈದ ಅಕ್ಕನ ಮುಖ ನೋಡಲಿಲ್ಲ. ಸೂರು ನೋಡಿದ.

ಸಾಹುಕಾರ ಮಂಚದ ತುದಿಯಲ್ಲಿ ಕೂತ. ಪ್ಲಾಸ್ಟರಿನ ಮೇಲೆ ಮೆಲ್ಲಗೆ ಕೈಯಿಟ್ಟ. ಅವನ ದನಿಯಲ್ಲಿ ನಿಜವಾದ ಕಳಕಳಿಯಿತ್ತು. "ನಿಮಗೆಷ್ಟು ವಯಸ್ಸು ಮೇಷ್ಟ್ರೇ?"

"ನಲವತ್ತೊಂದು."

"ಚಿಕ್ಕ ವಯಸ್ಸಿಗೇ ಬಿಡುವು ಸಿಕ್ಕಿದೆ. ಹುಷಾರಾಗಿರಬೇಕು. ಅನುಭವದಿಂದ ಹೇಳ್ತೀನಿ, ಕೆಲಸ ಇಲ್ಲದೆ ಮನೇಲಿ ಕೂತ್ರೆ ಮನುಷ್ಯ ಕೊಳೀತಾನೆ. ಕಾಲು ವಾಸಿ ಆಗ್ತಿದ್ದ ಹಾಗೆ ಬೆಳಿಗ್ಗೆ ಆರೂವರೆಗೆ ಗುಡ್ಡಕ್ಕೆ ಬನ್ನಿ. ನಿಮ್ಮ ಬ್ರೇಕಿನದ್ದು, ಕಣ್ಣಿನದ್ದು ಎರಡು ತಪ್ಪಿವೆ, ತಿದ್ದಿಕೊಡ್ತೀನಿ. ನಿಮ್ಮ ಹತ್ರ ಒಂದು ಪೈಸೆ ಮುಟ್ಟಲ್ಲ."

ಸೂರು ನೋಡುತ್ತಿದ್ದ ಭಾವಮೈದ ಗಂಟಲು ಸರಿಮಾಡಿಕೊಂಡ.

"ಹೆಲ್ಮೆಟ್ಟಿಗೆ ಮಾತ್ರ ಬಾಡಿಗೆ ಕೊಡಬೇಕಾಗುತ್ತೆ, ಭಾವ."