ಉಜ್ಬೆಕ್ ಲಿಫ್ಟು, ಇಟಾಲಿಯನ್ ಲಿಫ್ಟು

ತಪ್ಪೆಲ್ಲ ಗೋಂದಿನದು. ಗೋಂದು ಗಟ್ಟಿಯಾಗಿದ್ದರೆ ಚೀಟಿಗಳು ಉದುರುತ್ತಿರಲಿಲ್ಲ. ಚೀಟಿಗಳು ಉದುರದಿದ್ದರೆ, ಉಜ್ಬೆಕ್ ಭಾಷೆಗೂ ಇಟಾಲಿಯನ್ ಭಾಷೆಗೂ ಇರುವ ವ್ಯತ್ಯಾಸವೇನು ಎಂದು ಒಂದಿಡೀ ಆಫೀಸು ಕೆಲಸ ಬಿಟ್ಟು ಜಗಳಕ್ಕೆ ನಿಲ್ಲುತ್ತಿರಲಿಲ್ಲ.

ಅದು ಮಾತಾಡುವ ಲಿಫ್ಟು ತಯಾರಿಸುವ ಕಾರ್ಖಾನೆ. ಲಿಫ್ಟಿನೊಳಗೆ ಒಂದು ಕ್ಯಾಸೆಟ್ಟು ಕೂತು, ‘ಬಾಗಿಲು ಮುಚ್ಚುತ್ತಿದೆ’, ‘ಮಹಡಿ ಬಂತು, ಇಳಿಯಿರಿ’ ಎಂದೆಲ್ಲ ಹೆಂಗಸಿನ ದನಿಯಲ್ಲಿ ಹೇಳುತ್ತದೆ. ಈ ಸಲ ಒಂದು ಲಿಫ್ಟು ಉಜ್ಬೆಕಿಸ್ತಾನಕ್ಕೂ ಇನ್ನೊಂದು ಇಟಲಿಗೂ ಹೊರಟಿತ್ತು. ಅವುಗಳಿಗೆ ಪೆಟ್ಟಿಗೆ ಹೊಡೆಸಿ ಲಾರಿ ಹತ್ತಿಸುವುದು ರವಾನೆ ಗುಮಾಸ್ತನ ಕೆಲಸ. ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಅವಸರಪ್ಪ.

ಅವಸರಪ್ಪ ವರ್ಷಗಟ್ಟಲೆಯಿಂದ ಹಂಗಾಮಿ ನೌಕರ. “ಇವೆರಡು ತಪ್ಪಿಲ್ಲದೆ ಹೊರಟ್ರೆ ನಾಳೇನೇ ನಿನ್ನ ಕೆಲಸ ಕಾಯಂ” ಎಂದು ಯಜಮಾನರು ಹೇಳಿದ್ದರು. “ಕೆಲಸ ಕಾಯಂ ಆಗ್ಲಿ, ಆಮೇಲೆ ಮಗಳನ್ನ ಕೊಡೋ ಮಾತು” ಎಂದು ಭಾವಿ ಮಾವನವರು ಅದಕ್ಕೂ ಮೊದಲೇ ಹೇಳಿದ್ದರು. ಹೀಗಾಗಿ ಅವನ ಮದುವೆ ಆ ಎರಡು ಲಿಫ್ಟುಗಳಲ್ಲಿ ನೇತಾಡುತ್ತಿತ್ತು.

ಬೆಳಿಗ್ಗೆ ಕ್ಯಾಸೆಟ್ಟು ತರಲು ಸ್ಟುಡಿಯೋಗೆ ಹೋದ. ಸ್ಟುಡಿಯೋದವನು ಎರಡು ಕ್ಯಾಸೆಟ್ಟು ಕೈಗಿಟ್ಟು, “ಒಂದು ನಿಮಿಷ ಇರಿ, ವಿಷಯ ಏನಪ್ಪಾ ಅಂದ್ರೆ...” ಎಂದು ಶುರುಮಾಡಿದ. ಅಷ್ಟರಲ್ಲಿ ಬಸ್ಸು ಬಂತು. “ಎಲ್ಲಾ ಗೊತ್ತು ಬಿಡಿ!” ಎಂದು ಅವಸರಪ್ಪ ಓಡಿಹೋಗಿ ಹತ್ತಿಬಿಟ್ಟ. ಆರ್ಡರು ಬಂದ ಕ್ರಮದಲ್ಲೇ ಕೊಟ್ಟಿರಬೇಕೆಂದು ಮೇಲಿನದಕ್ಕೆ ಉಜ್ಬೆಕ್, ಕೆಳಗಿನದಕ್ಕೆ ಇಟಾಲಿಯನ್ ಎಂದು ಚೀಟಿ ಬರೆದು, ಆಫೀಸಿಗೆ ಬಂದವನೇ ನೀರು ಗೋಂದು ಸವರಿ ಅಂಟಿಸಿ, ಒಣಗಲಿ ಎಂದು ಫ್ಯಾನಿನ ಕೆಳಗಿಟ್ಟ. ಕೈತೊಳೆದು ಬರುವಷ್ಟರಲ್ಲಿ ಎರಡೂ ಚೀಟಿ ಮೇಜಿನ ಕೆಳಗೆ ಬಿದ್ದಿದ್ದವು. ಕ್ಯಾಸೆಟ್ಟುಗಳು ಅವಳಿ ಮಕ್ಕಳ ಹಾಗೆ ಪಕ್ಕಪಕ್ಕ ಮಲಗಿದ್ದವು.

ಸ್ಟುಡಿಯೋಗೆ ಫೋನ್ ಮಾಡಿದ. ಎತ್ತುವವರಿಲ್ಲ. ರೆಕಾರ್ಡಿಂಗ್ ನಡೆಯುವಾಗ ಅಲ್ಲಿ ಫೋನಿನ ವೈರನ್ನೇ ಕಿತ್ತಿಡುತ್ತಾರೆ. ಸಂಜೆಯಾದರೆ ಲಾರಿ ಬರುತ್ತದೆ. ಗುಟ್ಟಾಗಿ ಕೇಳಿ ನೋಡೋಣವೆಂದು ಟೈಪಿಸ್ಟಮ್ಮನ ಟೇಪ್‌ರೆಕಾರ್ಡರ್ ಎರವಲು ತಂದ. ಆಕೆ ಅದರ ಹಿಂದೆಯೇ ಬಂದರು. ಆಕೆಯ ಹಿಂದೆ ಲೆಕ್ಕದ ಗುಮಾಸ್ತರು ಬಂದರು. ಅವರ ಹಿಂದೆ ವೈರಿಂಗ್ ಮೇಸ್ತ್ರಿ ಸ್ಕ್ರೂಡ್ರೈವರ್ ಸಮೇತ ಬಂದ. ಗುಟ್ಟು ಅಲ್ಲಿಗೆ ಮುಗಿಯಿತು.

ಮೊದಲನೇ ಕ್ಯಾಸೆಟ್ಟು ಹಾಕಿದರು. ಕೇಳುತ್ತಲೇ ಲೆಕ್ಕದ ಗುಮಾಸ್ತರು ಕಣ್ಣು ಮುಚ್ಚಿ ತಲೆಯಾಡಿಸಿದರು.

“ಉಜ್ಬೆಕ್. ಅನುಮಾನವೇ ಇಲ್ಲ. ಅಕ್ಷರ ಎಲ್ಲಾ ಮೂಗಿಂದ ಬರ್ತಿದೆ ನೋಡಿ. ಚಳಿ ದೇಶ, ಬಾಯಿ ತೆರೆದ್ರೆ ಗಾಳಿ ನುಗ್ಗುತ್ತೆ. ಅದಕ್ಕೇ ಮೂಗಲ್ಲೇ ಮುಗಿಸ್ತಾರೆ.”

ಎರಡನೆಯದನ್ನು ಹಾಕಿದಾಗ ಟೈಪಿಸ್ಟಮ್ಮ ಕೆನ್ನೆಗೆ ಕೈಯಿಟ್ಟುಕೊಂಡರು. “ಅಯ್ಯೋ, ಎಷ್ಟು ಸಿಹಿ! ಮಗೂನ ಊಟಕ್ಕೆ ಕರೆದ ಹಾಗಿದೆ. ಇಟಾಲಿಯನ್ ಇದೇ ಕಣ್ರೀ. ಹಿಂದೆ ಬಳೆ ಸದ್ದು ಕೇಳಿಸ್ತಾ? ಇಟಲಿಯವ್ರು ಕೈ ಆಡಿಸದೆ ಮಾತಾಡೋದೇ ಇಲ್ಲ.”

“ಅದು ಹೇಗೆ?” ಎಂದ ಮೇಸ್ತ್ರಿ. “ಇಟಲೀಲಿ ಬಿಸಿ ರಕ್ತದ ಜನ, ಗಂಟಲು ಕಿತ್ತು ಹೋಗೋ ಹಾಗೆ ಜಗಳ ಆಡ್ತಾರೆ. ಒರಟಾಗಿರೋ ಮೊದಲ್ನೇದೇ ಇಟಾಲಿಯನ್ನು!”

“ನೀನು ಇಟಲಿ ನೋಡಿದ್ದೀಯೇನಯ್ಯಾ?”

“ನೀವು ಉಜ್ಬೆಕಿಸ್ತಾನದ ಮೂಗು ನೋಡಿದ್ದೀರಾ?”

ಆಫೀಸು ಎರಡು ಪಂಗಡವಾಯಿತು. ವಾದಕ್ಕೆ ಬೇಕಾದಾಗಲೆಲ್ಲ ಲೆಕ್ಕದ ಗುಮಾಸ್ತರು ಮೂಗು ಹಿಡಿದುಕೊಂಡು ಉಜ್ಬೆಕ್ ಆಡಿ ತೋರಿಸಿದರು. ಟೈಪಿಸ್ಟಮ್ಮ ಎರಡೂ ಕೈ ಬೀಸಿ ಇಟಾಲಿಯನ್ ಆಡಲು ಹೋಗಿ ಶಾಯಿ ಬಾಟಲಿಯನ್ನು ಮೇಸ್ತ್ರಿಯ ಅಂಗಿಯ ಮೇಲೆ ಚೆಲ್ಲಿದರು. ಮೇಸ್ತ್ರಿ ಬೈದದ್ದು ಯಾವ ಭಾಷೆಯೆಂದು ಕೇಳುವ ಅಗತ್ಯ ಬೀಳಲಿಲ್ಲ.

ನಡುವೆ ಆಕೆಗೇ ಒಂದು ಸಂಶಯ ಬಂತು. “ಇದೇ ಪದ ಅದರಲ್ಲೂ ಬಂದಿತ್ತಲ್ವಾ?”

“ಪಕ್ಕದ ಮನೆಯವ್ರು ಒಂದು ಲೋಟ ಸಕ್ಕರೆ ಈಸ್ಕೊಂಡು ಹೋಗಲ್ವೇನಮ್ಮಾ? ಭಾಷೆಗಳೂ ಹಾಗೇ ಪದ ಈಸ್ಕೊಳ್ತವೆ” ಎಂದರು ಲೆಕ್ಕದ ಗುಮಾಸ್ತರು.

ಗದ್ದಲಕ್ಕೆ ಯಜಮಾನರೇ ಇಳಿದು ಬಂದರು. ವಿಷಯ ಕೇಳಿ ಹುಬ್ಬು ಗಂಟಿಕ್ಕಿ, ಎರಡನ್ನೂ ಮತ್ತೆ ಹಾಕಿಸಿದರು. ಆಮೇಲೆ ಅವಸರಪ್ಪನ ಕಡೆ ತಿರುಗಿದರು. “ನಿನಗೇನನ್ನಿಸುತ್ತೆ?”

ಅವಸರಪ್ಪ ಎರಡೂ ಕ್ಯಾಸೆಟ್ಟುಗಳನ್ನು ನೋಡಿದ. “ಸಾರ್, ನನಗೆ... ಎರಡೂ ಒಂದೇ ಥರ ಕೇಳಿಸ್ತಿದೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಯಜಮಾನರು ನಗಲಿಲ್ಲ. “ಒಂದೇ ಥರಾನಾ? ಭೂಮಿಗೂ ಆಕಾಶಕ್ಕೂ ಇರೋ ವ್ಯತ್ಯಾಸ ಕಣಯ್ಯಾ! ಒಂದು ಮರುಭೂಮಿ, ಇನ್ನೊಂದು ದ್ರಾಕ್ಷಿ ತೋಟ. ಕಿವಿ ಅನ್ನೋದು ಕನ್ನಡಕ ಸಿಕ್ಕಿಸೋಕೆ ಮಾತ್ರ ಇರೋದಲ್ಲ. ಮೂಗಿಂದು ಉಜ್ಬೆಕ್, ಬಳೆಯದು ಇಟಾಲಿಯನ್. ಹೊಡೀರಿ ಮೊಳೆ!”

ಕ್ಯಾಸೆಟ್ಟುಗಳನ್ನು ಆಯಾ ಲಿಫ್ಟಿನೊಳಗೆ ಕೂರಿಸಿ ಪೆಟ್ಟಿಗೆಗಳಿಗೆ ಮೊಳೆ ಹೊಡೆದರು. ಲಾರಿ ಬಂತು, ಲಾರಿ ಹೋಯಿತು. ಯಜಮಾನರು ಅವಸರಪ್ಪನ ಬೆನ್ನು ತಟ್ಟಿ, “ಕಿವಿ ಇಲ್ಲದಿದ್ರೂ ಪರವಾಗಿಲ್ಲ, ನಾಳೆಯಿಂದ ಕಾಯಂ” ಎಂದರು. ಅವನಿಗೆ ಖುಷಿಯಲ್ಲಿ ನೆಲ ಕಾಣಿಸಲಿಲ್ಲ. ಭಾವಿ ಮಾವನವರಿಗೆ ತಿಳಿಸೋಣವೆಂದು ಫೋನಿಗೆ ಕೈಹಾಕಿದಾಗ ಅದೇ ಗಣಗಣಿಸಿತು.

“ಸ್ಟುಡಿಯೋದಿಂದ ಮಾತಾಡ್ತಿರೋದು. ಕೊನೆಗೆ ಯಾವ್ದು ಇಟ್ಕೊಂಡ್ರಿ?”

“ಯಾವ್ದು ಅಂದ್ರೆ? ಎರಡೂ ಕಳಿಸಿಯಾಯ್ತು.”

“ಎರಡೂನಾ? ಎರಡೂ ಉಜ್ಬೆಕ್ಕೇ ಅಲ್ವೇನ್ರೀ! ಮೊದಲ್ನೇ ಸಲ ಓದೋ ಆಯಮ್ಮನಿಗೆ ನೆಗಡಿ ಹಿಡಿದಿತ್ತು. ವಾಸಿಯಾದ ಮೇಲೆ ಅದನ್ನೇ ಇನ್ನೊಂದು ಸಲ ಓದಿಸಿದೆ. ಚೆನ್ನಾಗಿರೋದನ್ನ ಇಟ್ಕೊಳ್ಳಿ ಅನ್ನೋಷ್ಟರಲ್ಲಿ ನೀವು ಬಸ್ಸಲ್ಲಿದ್ರಿ. ಇಟಾಲಿಯನ್ ಓದೋರು ಬರೋದೇ ನಾಳೆ.”

ಅವಸರಪ್ಪ ಫೋನಿಟ್ಟ. ಕೇಳಿದ್ದನ್ನೆಲ್ಲ ಆಫೀಸಿಗೆ ಹೇಳಿದ. ಟೈಪಿಸ್ಟಮ್ಮ ಬೀಸುತ್ತಿದ್ದ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು. ಲೆಕ್ಕದ ಗುಮಾಸ್ತರು ಮೂಗು ಒರೆಸಿಕೊಂಡರು. ಅವಸರಪ್ಪನಿಗೆ ಮಾತ್ರ ಒಂದು ಆಸೆ ಮಿಂಚಿತು. ಸರಿಯಾಗಿ ಕೇಳಿಸಿಕೊಂಡವನು ತಾನೊಬ್ಬನೇ ಅಲ್ಲವೇ!

“ಸಾರ್, ನಾನು ಆಗಲೇ ಹೇಳಿದ್ದೆ, ಎರಡೂ ಒಂದೇ ಅಂತ...”

ಯಜಮಾನರ ಮುಖ ಕೆಂಪಾಯಿತು. “ಅಂದ್ರೆ ನಿನಗೆ ಮೊದಲೇ ಗೊತ್ತಿತ್ತು! ಗೊತ್ತಿದ್ದೂ ಬಾಯಿ ಮುಚ್ಕೊಂಡು ನನ್ನ ಕೈಲಿ ಮೊಳೆ ಹೊಡೆಸಿದೆಯಾ? ಕಾಯಂ ಅಂತೆ ಕಾಯಂ! ಲಾರಿ ಹಿಡ್ಕೊಂಡು ಬಂದ್ರೆ ಹಂಗಾಮಿಯಾಗಾದ್ರೂ ಉಳೀತೀಯಾ. ಓಡು!”

ಅವಸರಪ್ಪ ಓಡಿದ. ಎದುರಿಗೆ ಬಂದ ಬಸ್ಸಿಗೆ ಜಿಗಿದು ಹತ್ತಿದ. ಆಫೀಸಿನ ಕಿಟಕಿಯಿಂದ ಲೆಕ್ಕದ ಗುಮಾಸ್ತರು, “ಒಂದು ನಿಮಿಷ ಇರಯ್ಯಾ!” ಎಂದು ಕೂಗುವುದು ಕೇಳಿಸಿತು.

“ಎಲ್ಲಾ ಗೊತ್ತು ಬಿಡಿ!” ಎಂದು ಅವನು ಕೈ ಬೀಸಿದ.

“ಲಾರಿ ಹೋಗಿದ್ದು ಆ ಕಡೆಗಲ್ಲ, ಈ ಕಡೆಗೆ!” ಎಂದು ಅವರು ಹೇಳಿ ಮುಗಿಸುವಾಗ ಬಸ್ಸು ತಿರುವು ದಾಟಿತ್ತು.