ಫೇಲಾದವರ ಯುನಿವರ್ಸಿಟಿ

ನಮ್ಮ ಮಾವನಿಗೆ ಪಾಸಾದ ಮಕ್ಕಳೆಂದರೆ ಅಷ್ಟಕ್ಕಷ್ಟೇ! ರ್‍ಯಾಂಕಿನ ಹುಡುಗ ಎದುರು ಬಂದರೆ ಓಣಿ ಬದಲಿಸುತ್ತಿದ್ದ. ಹಾಗೆಂದು ಮಾವನೇನು ದಡ್ಡನಲ್ಲ. ಸವಣೂರಿನಲ್ಲಿ ಹೈಸ್ಕೂಲು ಗಣಿತದ ಮಾಸ್ತರ, ನಮ್ಮವ್ವನ ಬೆನ್ನಿಗೆ ಹುಟ್ಟಿದ ತಮ್ಮ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡನೇ ಸಲ ಬಿದ್ದಿದ್ದೆ. ಶಿಗ್ಗಾಂವದ ನಮ್ಮ ಮನೆಯಲ್ಲಿ ಒಲೆಯೂ ಸರಿಯಾಗಿ ಉರಿಯುತ್ತಿರಲಿಲ್ಲ. "ಅಕ್ಟೋಬರದಾಗ ಪಾಸಾದ್ರ ಕಾಲೇಜು, ಇಲ್ಲಾಂದ್ರ ಲಗ್ನ" ಎಂದು ಅಪ್ಪ ಹೇಳಿಯಾಗಿತ್ತು. ಅಂಥ ಹೊತ್ತಿನಲ್ಲಿ ಮಾವ ಪೇಢೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತ!

"ಅಕ್ಕಾ, ಬಾಯಿ ಸಿಹಿ ಮಾಡ್ಕೊ. ಕೂಸಿಗೆ ಯುನಿವರ್ಸಿಟಿಯೊಳಗ ಸೀಟು ಸಿಕ್ಕೇತಿ!"

"ತಮ್ಮಾ, ನಿನ್ನ ತಲಿ ಸರಿ ಐತೇನು?"

ಸಂಗತಿ ಇಷ್ಟು. ಮಾವನ ಗೆಳೆಯರೊಬ್ಬರು ಯುನಿವರ್ಸಿಟಿಯಲ್ಲಿ ಪ್ರೊಫೆಸರು. ಫೇಲಾದವರಿಗೆ ಗಣಿತ ಕಲಿಸಲೆಂದು, ರಜೆಯಲ್ಲಿ ಖಾಲಿಯಿದ್ದ ಒಂದು ಲೆಕ್ಚರ್ ಹಾಲ್, ಹಾಸ್ಟೆಲಿನ ನಾಲ್ಕು ಕೋಣೆ ಮೂರು ವಾರಕ್ಕೆ ಕೊಡಿಸಿದ್ದರು. ದೊಡ್ಡ ಜಾಗದಲ್ಲಿ ಕೂತರೆ ದೊಡ್ಡ ಬುದ್ಧಿ ಬರುತ್ತದೆಂಬುದು ಮಾವನ ಸಿದ್ಧಾಂತ. ಹಾನಗಲ್ಲು, ಸವಣೂರು, ಹಿರೇಕೆರೂರು ಎಂದು ಬಸ್ಸು ಹತ್ತಿ ಇಳಿದು, ನನ್ನನ್ನೂ ಸೇರಿಸಿ ಫೇಲಾದ ಒಂಬತ್ತು ಜನರನ್ನು ಆರಿಸಿದ್ದ. ಇಷ್ಟು ಕಟ್ಟುನಿಟ್ಟಿನ ಆಯ್ಕೆ ಬೇರೆಲ್ಲಿ ಉಂಟು ಹೇಳಿ!

ಆ ಹಾಲ್‌ನಲ್ಲಿ ಬೆಂಚುಗಳು ಮೆಟ್ಟಿಲಿನಂತೆ ಮೇಲೇರಿದ್ದವು. ನಾವು ರೂಢಿಯಂತೆ ಕಟ್ಟಕಡೆಯ ಬೆಂಚಿಗೆ ಹೋಗಿ ಅಡಗಿದೆವು. ಮಾವ ಬೋರ್ಡು ಬಿಟ್ಟು ಮೇಲೇರಿ ಬಂದು, ನಮ್ಮ ಬೆನ್ನ ಹಿಂದಿನ ಗೋಡೆಯ ಮೇಲೆಯೇ ಬರೆಯತೊಡಗಿದ. "ಹೊಳ್ಳಿ ಕುಂದರ್ರಿ. ಈಗ ನೀವ ಮುಂದಿನ ಬೆಂಚು!"

ಯುನಿವರ್ಸಿಟಿಯ ಸಿಪಾಯಿ, ಅಂದರೆ ಜವಾನ, ಓಡಿ ಬಂದ. "ಮಾಸ್ತರ, ಗ್ವಾಡಿ ಹೊಲಸ ಮಾಡೀರಲ್ರಿ!"

"ಹೊಲಸಲ್ಲಪಾ, ಪೈಥಾಗೋರಸ್ ಪ್ರಮೇಯ."

"ಅವರ್ಯಾರ ಇರ್ಲಿ, ಕರಸ್ರಿ. ಬಂದು ಒರಸಿ ಹೋಗ್ಲಿ!"

ಒರೆಸಿದವರು ನಾವೇ. ಒರೆಸಿದ ಮೇಲೆ ಗೋಡೆಯಲ್ಲೂ ಉಳಿಯಲಿಲ್ಲ, ತಲೆಯಲ್ಲೂ ಉಳಿಯಲಿಲ್ಲ.

ನಮ್ಮ ಕಳೆಗುಂದಿದ ಮುಖ ನೋಡಲಾರದೆ ಒಂದು ದಿನ ಮಾವ ಪ್ರೊಫೆಸರರನ್ನೇ ಭಾಷಣಕ್ಕೆ ಕರೆತಂದ. ಅವರು ಹಾನಗಲ್ಲಿನ ಹುಡುಗನನ್ನು ಅಕ್ಕರೆಯಿಂದ ಕೇಳಿದರು, "ಮುಂದೆ ಏನಾಗಬೇಕಂತ ಮಾಡೀಯಪ್ಪಾ?"

"ಪಾಸಾಗಬೇಕಂತ ಮಾಡೇನ್ರಿ ಸರ."

ಪ್ರೊಫೆಸರರು ಭಾಷಣದ ಚೀಟಿ ಮಡಚಿ ಜೇಬಿಗಿಟ್ಟರು.

ಕೊನೆಯ ದಿನದ ಪರೀಕ್ಷೆಯಲ್ಲಿ ನನಗೆ ನೂರಕ್ಕೆ ಹನ್ನೊಂದು. "ಮೊದಲ ದಿನ ಎಂಟಿತ್ತು!" ಎಂದು ಮಾವ ಚಪ್ಪಾಳೆ ತಟ್ಟಿದ. ತಟ್ಟಿದವನು ಅವನೊಬ್ಬನೇ. ಹಿರೇಕೆರೂರಿನ ಹುಡುಗಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತ ಬಂದಳು. ನನಗೆ ಅಳುವೂ ಬರಲಿಲ್ಲ.

ಅಕ್ಟೋಬರ ಪರೀಕ್ಷೆಯ ರಿಸಲ್ಟು ಬಂತು. ಒಂಬತ್ತರಲ್ಲಿ ಇಬ್ಬರು ಪಾಸು. ಆ ಇಬ್ಬರಲ್ಲಿ ನಾನಿರಲಿಲ್ಲ.

ಗಂಡಿನವರು ನೋಡಲು ಬರುವ ದಿನ ನಿಗದಿಯಾಯಿತು. ಅದರ ಹಿಂದಿನ ದಿನ ಬೆಳಿಗ್ಗೆ ಮಾವ ಬಂದ. ಏನು ತಮಾಷೆ ಮಾಡುತ್ತಾನೋ ಎಂದು ನಾನು ಅಡಿಗೆಮನೆಯಲ್ಲಿ ಹಲ್ಲು ಕಚ್ಚಿ ಕೂತಿದ್ದೆ. ಅವನು ಟೊಪ್ಪಿಗೆ ತೆಗೆದು ಅಪ್ಪನ ಮುಂದೆ ಕೈಮುಗಿದು ನಿಂತ.

"ಭಾವಾ, ಫೇಲಾದಾಕಿ ಈಕಿ ಅಲ್ರಿ, ನಾನು. ನನಗ ಗಣಿತ ಬರ್ತೈತಿ, ಕಲಸಾಕ ಬರೂದಿಲ್ಲ. ನನ್ನ ತಪ್ಪಿಗೆ ಕೂಸಿನ ಸಾಲಿ ಬಿಡಸಬ್ಯಾಡ್ರಿ. ಇನ್ನೊಂದ ಸಲ ಪರೀಕ್ಷೆಗೆ ಕುಂದರ್ಲಿ."

ಅಪ್ಪ ಎದ್ದು ಚಾಪೆ ಹಾಸಿ, "ಕುಂದರ್ರಿ ಮಾಸ್ತರ. ಅವರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ತೇನಿ" ಎಂದರು.

ಮರುವಾರವೇ ಮಾವ ನನ್ನನ್ನು ಯಲವಿಗಿಗೆ, ನಿವೃತ್ತ ಗಣಿತದ ಗುರುಗಳೊಬ್ಬರ ಮನೆಗೆ ಕರೆದೊಯ್ದ. ಬಿಟ್ಟು ಹೋಗುತ್ತಾನೆಂದುಕೊಂಡರೆ, ಚೀಲದಿಂದ ತಾನೂ ಒಂದು ಹೊಸ ನೋಟಬುಕ್ಕು ತೆಗೆದು ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

"ನೀವ್ಯಾಕ್ರಿ ಮಾಸ್ತರ?" ಗುರುಗಳು ಬೆರಗಾದರು.

"ಆಕಿ ಗಣಿತ ಕಲೀಲಿ, ಸರ. ಹೆಂಗ ಕಲಸೂದಂತ ನಾ ಕಲೀತೇನಿ."