ಅತ್ತೆಯ ಕಿವಿಗೆ ಎರಡು ಡಬ್ಬಿ

ನನ್ನ ಸೋದರಮಾವನಿಗೆ ಇರುವುದು ಎರಡೇ ಕಿವಿ ಎಂದರೆ ಗಜೇಂದ್ರಗಡದಲ್ಲಿ ಯಾರೂ ನಂಬುವುದಿಲ್ಲ! ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಲ್ಲಿಂದಲೇ, ಒಳಗಿನ ನಾಲ್ಕು ಕೈಮಗ್ಗಗಳಲ್ಲಿ ಯಾವುದರ ಎಳೆ ಹರಿಯಿತೆಂದು ಹೇಳುವ ಆಸಾಮಿ. ಎಳೆ ಹರಿದರೆ ಸದ್ದಾಗುತ್ತದೆಯೇ? ಆಗುತ್ತದಂತೆ! ಅದು ಕೇಳಿಸದ ನಮ್ಮನ್ನೆಲ್ಲ ಮಾಮ ಕಿವುಡರ ಪಟ್ಟಿಗೆ ಸೇರಿಸಿ ಬಹಳ ವರ್ಷಗಳಾಗಿದ್ದವು.

ನಿಜವಾಗಿ ಕಿವಿ ಮಂದವಾಗಿದ್ದುದು ಅತ್ತೆಗೆ. ಒಂದು ಜ್ವರ ಬಂದು ಹೋದ ಮೇಲೆ ಹಾಗಾಯಿತು. ಹುಬ್ಬಳ್ಳಿಯಿಂದ ತಂದ ಕಿವಿಯ ಮಶೀನನ್ನು “ಇದು ಬರೇ ಸೀಟಿ ಹೊಡಿತೈತಿ” ಎಂದು ಕಪಾಟಿಗೆ ಸೇರಿಸಿದಳು. ರೇಡಿಯೋದ ಜೊತೆ ದನಿಗೂಡಿಸಿ ನೇಯುತ್ತಿದ್ದವಳು ಹಾಡುವುದನ್ನೇ ನಿಲ್ಲಿಸಿದಳು. ನಾಲ್ಕು ಜನ ನಕ್ಕರೆ ತನ್ನನ್ನು ನೋಡಿಯೇ ನಕ್ಕರೆಂದುಕೊಂಡು ಮದುವೆ ಮನೆಗಳಿಗೆ ಹೋಗುವುದನ್ನೂ ಬಿಟ್ಟಳು. ಮಾಮನಿಗೆ ಅದು ತಡೆಯಲಾಗಲಿಲ್ಲ.

“ಇಕಿಗೆ ಹಾಡು ಕೇಳಿಸೇ ಬಿಡ್ತೀನಿ. ಇಲ್ಲಂದ್ರ ನನ್ನ ಕಿವಿ ಇದ್ದೇನ್ ಉಪಯೋಗ?” ಎಂದ.

ಮೊಬೈಲಿನಲ್ಲಿ ಹಾಡು ಕೇಳುವುದೇ ಹೊಸದಾಗಿದ್ದ ಕಾಲ ಅದು. ದುಬೈಯಲ್ಲಿದ್ದ ಗೆಳೆಯನಿಗೆ ಗಂಟುಬಿದ್ದು ಭಾರಿ ಹೆಡ್‌ಫೋನ್ ಒಂದನ್ನು ತರಿಸಿದ. ಒಂದೊಂದು ಕಿವಿಗೆ ಒಂದೊಂದು ಬಟ್ಟಲು! ಅದನ್ನು ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದವನನ್ನು ಕಂಡ ಓಣಿಯವರು, ಪಾಪ, ದವಾಖಾನೆಯಲ್ಲಿ ಕಟ್ಟಿದ ಪಟ್ಟಿಯೆಂದು ತಿಳಿದು ಬಿಸ್ಕಿಟ್ ಪುಡಿಕೆ ಹಿಡಿದು ಮಾತಾಡಿಸಲು ಬಂದರು. ಮಾಮ ಬಿಸ್ಕಿಟ್ಟನ್ನೂ ಬಿಡಲಿಲ್ಲ, ಬಂದವರನ್ನೂ ಬಿಡಲಿಲ್ಲ. ಒಬ್ಬೊಬ್ಬರ ತಲೆಗೂ ಅದನ್ನು ಏರಿಸಿಯೇ ಕಳಿಸಿದ.

ರೋಣದಲ್ಲಿದ್ದ ನನಗೆ ಅಪ್ಪಣೆಯಾಯಿತು: ಹಾಡು ಹಚ್ಚಾಕ ಕಂಪ್ಯೂಟರ್ ತಗೊಂಡು ಬಾ. ಬಸ್ಸಿನಲ್ಲಿ ಆ ದೊಡ್ಡ ಮಾನಿಟರನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊರಟೆ. ಕಂಡಕ್ಟರ್ ಅದನ್ನೂ ನನ್ನನ್ನೂ ನೋಡಿ, “ಕೂಸಿಗೆ ಎಷ್ಟು ವರ್ಷರಿ? ಅರ್ಧಾ ಟಿಕೀಟ ಹರೀಲೇನು?” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಇಷ್ಟೆಲ್ಲ ಮಾಡಿ ಹೆಡ್‌ಫೋನ್ ಸಿಕ್ಕಿಸಿದರೆ ಸದ್ದು ಇರುವೆ ನಡೆದಷ್ಟು! ಅದಕ್ಕೆ ಒಂದು ಡ್ಯಾಕ್ ಬೇಕು, ಒಂದು ಆಂಪ್ಲಿಫೈಯರ್ ಬೇಕು ಎಂದು ದುಬೈ ಗೆಳೆಯ ಫೋನಿನಲ್ಲಿ ತಿಳಿಸಿದ. ನನಗೆ ತಲೆಬುಡ ತಿಳಿಯಲಿಲ್ಲ. ಮಾಮನಿಗೆ ತಿಳಿಯಿತು.

“ಸೆರಗಿನ ನಕ್ಷೆ ಚೌಕಳಿ ಕಾಗದದಾಗ ಇರತೈತಿಲ್ಲೋ? ಕಾಗದ ಉಡಾಕ ಬರತೈತೇನು? ನೇಕಾರ ಕುಂತು ಅದನ್ನ ಅರಿವಿ ಮಾಡಬೇಕು. ಕಂಪ್ಯೂಟರಿನಾಗೂ ಹಾಡು ಬರೇ ಅಂಕಿ ಆಗಿ ಕುಂತಿರತೈತಿ. ಅಂಕಿನ ಹಾಡು ಮಾಡೋ ನೇಕಾರ ಅಂದ್ರ ಡ್ಯಾಕ್. ಆಂಪ್ಲಿಫೈಯರ್ ಅಂದ್ರ ಸೀರಿ ಹೆಗಲಿಗೆ ಹಾಕ್ಕೊಂಡು ಸಂತ್ಯಾಗ ಒದರಾಂವ!”

ಇದಕ್ಕಿಂತ ಚೆನ್ನಾಗಿ ಅದನ್ನು ವಿವರಿಸಿದವರನ್ನು ನಾನು ಇಂದಿಗೂ ಕಂಡಿಲ್ಲ.

ಬೆಂಗಳೂರಿನ ಅಂಗಡಿಯೊಂದು ಎರಡೂ ಕೂಡಿದ ವಿದೇಶಿ ಪೆಟ್ಟಿಗೆಯೊಂದನ್ನು ಕಳಿಸಿತು. ಮನಸ್ಸಿಗೆ ಬಾರದಿದ್ದರೆ ಎಂಟು ದಿನದಲ್ಲಿ ಹಿಂದಿರುಗಿಸಬೇಕು. ಅದು ಬರುವ ಎಷ್ಟೋ ದಿನ ಮೊದಲೇ ಮಾಮ ನರಗುಂದಕ್ಕೂ ಓಡಿದ್ದ. ಅಲ್ಲಿ ಟ್ರ್ಯಾಕ್ಟರುಗಳಿಗೆ ಸೌಂಡ್ ಕೂಡಿಸುವ ಉಸ್ತಾದನೊಬ್ಬನಿದ್ದ.

“ಕಾಕಾ, ನನ್ನ ಡಬ್ಬಿ ಹಚ್ಚಿದ ಟ್ರ್ಯಾಕ್ಟರ್ ಯಾವಗಲ್ ಊರಾಗ ಹಾಡಿದ್ರ ಶಿರೋಳದಾಗ ಕೇಳಸ್ತೈತ್ರಿ!”

“ನನಗ ಶಿರೋಳ ಬ್ಯಾಡೋ ಮಾರಾಯಾ, ಒಬ್ಬಾಕಿಗೆ ಕೇಳಿಸಿದ್ರ ಸಾಕು.”

ಉಸ್ತಾದ ಎಲ್ಲಿಂದಲೋ ಡ್ಯಾಕಿನ ಚಿಪ್ ತರಿಸಿ, ಆಂಪ್ಲಿಫೈಯರನ್ನು ತಾನೇ ಬೆಸೆದು, ಎರಡನ್ನೂ ಸ್ಟೀಲಿನ ಊಟದ ಡಬ್ಬಿಯಲ್ಲಿ ಕೂಡಿಸಿಕೊಂಡು ಬಂದ. ಶುರುವಾಯಿತು ನೋಡಿ ಪರೀಕ್ಷೆ! ಎರಡಕ್ಕೂ ಒಂದೇ ಸೀರೆ ಹೊದಿಸಿ ಒಳಗಿನಿಂದ ನಾನು ವಾಯರ್ ಬದಲಿಸಬೇಕು, ಮಾಮ ಕಣ್ಣು ಮುಚ್ಚಿ ಕೇಳಬೇಕು. “ಇದರ ನೂಲು ಸಣ್ಣದು, ಖರೇ. ಅದು ದಪ್ಪ, ಬಣ್ಣ ಬಿಡ್ತೈತಿ” ಎಂಬ ತೀರ್ಮಾನಗಳು ಹೊರಬಿದ್ದವು. ಚಹಾ ತಂದ ಅತ್ತೆ, “ನನ್ನ ನೋಡಾಕ ಬಂದಾಗ ಚಹಾ ಆರೋದ್ರಾಗ ಹೂಂ ಅಂದಿದ್ರಿ. ಈ ಡಬ್ಬಿಗೆ ಎಂಟ ದಿನಾನ?” ಎಂದಳು. ಮಾಮ ಅದಕ್ಕೂ ಕಣ್ಣು ತೆರೆಯಲಿಲ್ಲ.

ಎಂಟನೆಯ ದಿನ ಬೆಂಗಳೂರಿನದೇ ಗೆದ್ದಿತೆಂದು ಸಾರಿದ. ತೀರ್ಪು ಕೇಳಲು ಬಂದಿದ್ದ ಉಸ್ತಾದ ಮುಖ ಸಪ್ಪಗೆ ಮಾಡಿಕೊಂಡು ತನ್ನ ಡಬ್ಬಿಗೆ ಕೈಹಾಕಿದ. ಆಗ ಅತ್ತೆ ಕೇಳಿದಳು:

“ಅಲ್ರಿ, ಇದು ಯಾರ ಕಿವಿಗೆ ತಂದದ್ದು?”

ಎಂಟು ದಿನದಲ್ಲಿ ಒಮ್ಮೆಯೂ ಹೆಡ್‌ಫೋನ್ ಅವಳ ತಲೆಗೆ ಏರಿರಲಿಲ್ಲ! ಸೀರೆ ನೇಯುವವನು ಉಡುವವಳನ್ನು ಎಂದಾದರೂ ಕೇಳುತ್ತಾನೆಯೇ? ಕೈಯಲ್ಲಿ ಮುಟ್ಟಿ ತಾನೇ ಒಪ್ಪಿಕೊಂಡು ಮಡಚಿ ಇಡುತ್ತಾನೆ. ನಲವತ್ತು ವರ್ಷದ ಆ ರೂಢಿ ಇಲ್ಲೂ ಕೆಲಸ ಮಾಡಿತ್ತು.

ಮಾಮ ಗಡಬಡಿಸಿ ಅತ್ತೆಗೆ ಹೆಡ್‌ಫೋನ್ ಹಾಕಿದ. ಬೆಂಗಳೂರಿನ ಪೆಟ್ಟಿಗೆಯ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಅವಳು ಹುಬ್ಬು ಗಂಟಿಕ್ಕಿ, “ಯಾರೋ ದೂರ ಹೊಲದಾಗ ಹಾಡಿದಂಗ ಐತಿ” ಎಂದಳು. ಉಸ್ತಾದನ ಡಬ್ಬಿಗೆ ವಾಯರ್ ಬದಲಿಸಿದೆ. ಅರ್ಧ ತಿರುಗಿಸುವುದರಲ್ಲಿ ಅತ್ತೆ ಬೆಚ್ಚಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ನಕ್ಕಳು. ಆಮೇಲೆ, ಎಷ್ಟೋ ವರ್ಷಗಳ ನಂತರ, ಹಾಡಿದಳು! ಒಳಗೆ ಒಂದೊಂದೇ ಮಗ್ಗ ನಿಂತಿತು, ನೇಯುತ್ತಿದ್ದವರೆಲ್ಲ ಬಾಗಿಲಿಗೆ ಬಂದರು. ಉಸ್ತಾದ ಗೆದ್ದ ಪೈಲ್ವಾನನ ಹಾಗೆ ತೊಡೆ ತಟ್ಟಿದ. ಮೂರು ತಾಲ್ಲೂಕಿನಲ್ಲಿ ಯಾರಿಗೂ ಸೋಲದ ಮಾಮ, “ಇನ್ ಮ್ಯಾಲ ಈ ಮನ್ಯಾಗ ಕಿವಿ ಅಂದ್ರ ಆಕೀದ!” ಎಂದು ಕುಣಿದೇಬಿಟ್ಟ.

ತನ್ನ ಎಲ್ಲ ಡಬ್ಬಿಗಳ ಹಿಂದೆಯೂ ಮೈಕಿಗೊಂದು ತೂತು ಇಡುವುದು ಉಸ್ತಾದನ ಪದ್ಧತಿಯಂತೆ. ಅದಕ್ಕೆ ಮೈಕ್ ಸಿಕ್ಕಿಸಿ ಮಾಮನ ಕೈಗೆ ಕೊಟ್ಟ. “ಮಾತಾಡ್ರಿ ಕಾಕಾ, ಸಾವಕಾಶ.”

ಮಾಮ ಬಾಯಿ ತೆರೆದ. ಕೂಗಲು ಹೋಗಿ, ತಡೆದು, ಮೈಕನ್ನು ಕೆಳಗಿಳಿಸಿದ. ಅಷ್ಟೂ ವರ್ಷ ಅವನು ಹೆಂಡತಿಗೆ ಹೇಳಿದ್ದನ್ನೆಲ್ಲ ಓಣಿಗೇ ಕೇಳಿಸುವಂತೆ ಕೂಗಿ ಹೇಳಿದ್ದ. ಕೂಗಿ ಹೇಳಬಹುದಾದ ಮಾತು ಎಷ್ಟಿರುತ್ತದೆ? ನಳ ಬಂತು, ಊಟ ಆತೇನು, ಗಿರಾಕಿ ಬಂದಾರ.

ಕೊನೆಗೆ ಮೈಕಿಗೆ ಅಂಗೈ ಮರೆಮಾಡಿ, ನಮಗೆ ಬೆನ್ನು ತಿರುಗಿಸಿ ಪಿಸುಗುಟ್ಟಿದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿದವು. ಏನಂದರು ಎಂದು ನಾನು ಸನ್ನೆಯಲ್ಲಿ ಕೇಳಿದೆ.

“ನಿನಗ್ಯಾಕೋ? ಎಲ್ಲಾರನೂ ಕರಕೊಂಡು ಹೊರಗ ನಡಿ” ಎಂದಳು. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ಮಾಮನ ಕಡೆ ತಿರುಗಿದಳು. “ನೀವ್ ಹೇಳ್ರಿ. ಇನ್ನೊಮ್ಮಿ ಹೇಳ್ರಿ.”